ಪಾಡ್ಯದ ಬೆಳಗಿನ ಅಜವಾನ ಹೊಗೆ

ಚಿನ್ನೂ, ಪುಟ್ಯಾ, ನಿಮ್ಮಿಬ್ಬರಿಗೂ ಕನ್ನಡ ಓದಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ನಾಲ್ಕು ಮಂದಿಯ ಮುಂದೆ ನನಗೆ ಮೊದಲಿನಿಂದಲೂ ಮಾತು ಹೊರಡುವುದಿಲ್ಲ. ಇದೊಂದು ಮಾತು ನಿಮ್ಮ ಅಪ್ಪನ ಮುಂದೆಯೂ ಹೊರಡಲಿಲ್ಲ.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಪುಣೆಯ ಮಾರ್ಕೆಟ್ ಯಾರ್ಡಿನ ಒಣಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೂಕ ಹಾಕುತ್ತಿದ್ದರು. ಅಲ್ಲೇ ಹತ್ತಿರದ ಓಣಿಯಲ್ಲಿ ನಮ್ಮದು ಒಂದು ಖೋಲಿಯ ಮನೆ. ಸಂಜೆ ಅವರ ಅಂಗಿ ಜಾಡಿಸಿದರೆ ನನಗೆ ಸೀನು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

"ನಂದು ಯಾರ್ಡಿನ ಎದಿ. ಇದಕ್ಕ ಘಾಟು ಅಂದ್ರ ಊಟ ಇದ್ದಂಗ" ಎಂದು ನಗುತ್ತಿದ್ದರು.

ಚಳಿಗಾಲದಲ್ಲಿ ಮಾತ್ರ ಕೆಮ್ಮು ಹಿಡಿಯುತ್ತಿತ್ತು. ಆಗೆಲ್ಲ ನಾನು ಅಜವಾನದ ಹೊಗೆ ಕೊಡುತ್ತಿದ್ದೆ. ನಮ್ಮೂರಲ್ಲಿ ಬಾಣಂತಿಗೂ ಕೂಸಿಗೂ ಎರೆದ ಮೇಲೆ ಕೊಡುವ ಹೊಗೆ ಅದು. ಕೆಂಡದ ಮೇಲೆ ಒಂದು ಹಿಡಿ ಅಜವಾನ, ನಾಲ್ಕು ಬೆಳ್ಳುಳ್ಳಿ ಸಿಪ್ಪೆ. ನನ್ನ ಅವ್ವ ಕಲಿಸಿದ್ದು. ಓದು ಬರಹ ಅಷ್ಟಕ್ಕಷ್ಟೇ ಇದ್ದ ನನಗೆ ಗೊತ್ತಿದ್ದ ಔಷಧ ಅದೊಂದೇ, ಅದರ ಮೇಲೆ ಬಹಳ ನಂಬಿಕೆ ಇತ್ತು.

ಆ ವರ್ಷ ದೀಪಾವಳಿಯಲ್ಲಿ ಗಾಳಿ ಅಲುಗಲೇ ಇಲ್ಲ. ಪಟಾಕಿಯ ಹೊಗೆ ಮೂರು ದಿನ ನಮ್ಮ ಓಣಿಯಲ್ಲೇ ಕೂತುಬಿಟ್ಟಿತು. ಜೊತೆಗೆ ಯಾರ್ಡಿಗೆ ಬರುವ ಲಾರಿಗಳ ಹೊಗೆ, ಕಸ ಸುಟ್ಟ ಹೊಗೆ. ಒಗೆದು ಹಾಕಿದ ಸೀರೆಗೂ ಮದ್ದಿನ ವಾಸನೆ. ಬೆಳಿಗ್ಗೆ ಎದುರಿನ ಕಟ್ಟಡದ ನೀರಿನ ಟಾಕಿ ಕಾಣುತ್ತಿರಲಿಲ್ಲ. ಹೊಗೆಯ ಜೊತೆ ಮಂಜೂ ಬಿದ್ದಿದೆ ಎಂದುಕೊಂಡೆವು.

ಪಾಡ್ಯದ ಬೆಳಿಗ್ಗೆ ಗಂಡನಿಗೆ ಎಣ್ಣೆ ಹಚ್ಚಿ, ಎರೆದು, ಆರತಿ ಮಾಡುವುದು ಪುಣೆಗೆ ಬಂದ ಮೇಲೆ ನಾನು ಕಲಿತ ಪದ್ಧತಿ. ಅವರು ಮಣೆಯ ಮೇಲೆ ಕೂತಿದ್ದರು. ಎಡ ಹೆಗಲಿಗೆ ಎಣ್ಣೆ ತಿಕ್ಕುವಾಗ ನನ್ನ ಕೈ ಹಿಡಿದುಕೊಂಡರು.

"ಎದಿ ಬಿಗದಂಗ ಆಗ್ಯಾದ. ಯಾರೋ ಮೂಟಿ ಹೇರಿದಂಗ."

"ಮೂರು ದಿನ ಹೊರಗ ಹೊಗಿ ಕುಡದೀರಿ, ಕಫ ಕಟ್ಟೇದ. ಕೂಡ್ರಿ, ಒಂದೀಟು ಅಜವಾನ ಹಾಕ್ತೀನಿ."

"ಹೊಗಿಗಿ ಹೊಗಿನೇ ಔಷಧ ಏನ? ಭಾಳ ದೊಡ್ಡ ಡಾಕ್ಟರ್ ಅದಿ ನೋಡ ನೀ."

"ಹೌದ್ರಿ, ಇಷ್ಟು ವರ್ಷ ಇದೇ ಡಾಕ್ಟರ್ ಕಡೆ ಆರಾಮ ಆಗೀರಲ್ಲ!"

ಕಿಟಕಿ ಮುಚ್ಚಿದೆ. ಕೆಂಡದ ತಟ್ಟೆ ಮುಂದಿಟ್ಟು ತಲೆಯ ಮೇಲೆ ಕಂಬಳಿ ಹೊದಿಸಿದೆ. ಅವರು ತೊಯ್ದು ತೊಪ್ಪೆಯಾಗುವಷ್ಟು ಬೆವರಿದರು. ನನಗೆ ಸಮಾಧಾನವಾಯಿತು. ಬೆವರು ಬಂತು, ಇನ್ನು ಕಫ ಬಿಡುತ್ತದೆ ಎಂದುಕೊಂಡೆ. ಎರಡನೇ ಸಲವೂ ಅಜವಾನ ಹಾಕಿದೆ. ಹೀಗೇ ಎರಡು ತಾಸು ಹೋಯಿತು. ಕೊನೆಗೆ ಅವರು ಮಣೆಯಿಂದ ಪಕ್ಕಕ್ಕೆ ವಾಲಿದರು.

ಹಬ್ಬಕ್ಕೆಂದು ಊರಿನ ಆ ತುದಿಯ ನಿಗಡಿಯಿಂದ ನಿಮ್ಮ ಅಪ್ಪ ಬಂದದ್ದು ಅದೇ ಹೊತ್ತಿಗೆ. ಓಡಿಹೋಗಿ ರಿಕ್ಷಾ ತಂದ. ದವಾಖಾನೆಯಲ್ಲಿ ಡಾಕ್ಟರು ನನ್ನ ಕಡೆ ತಿರುಗಿ, "ಕಧೀಪಾಸೂನ್ ದುಖ್ತಯ್?" ಎಂದರು. ಯಾವಾಗಿನಿಂದ ನೋವು ಎಂದು. ಸುತ್ತಲೂ ಮಂದಿ, ಪಕ್ಕದಲ್ಲಿ ನಿಮ್ಮ ಅಪ್ಪ. ನನ್ನ ಕೈಗೆ ಇನ್ನೂ ಅಜವಾನದ ವಾಸನೆ ಇತ್ತು. ಕೈಯನ್ನು ಸೆರಗಿನೊಳಗೆ ಸೇರಿಸಿದೆ.

"ಆತ್ತಾಚ್" ಎಂದೆ. ಈಗಷ್ಟೇ ಎಂದು.

ಮಧ್ಯಾಹ್ನದೊಳಗೆ ಅವರು ಹೋದರು. ಹಾರ್ಟ್ ಅಟ್ಯಾಕ್ ಎಂದರು. ಹಬ್ಬದ ದಿನ, ನರಳದೆ, ಒಂದು ಗಳಿಗೆಯಲ್ಲಿ ಹೋದ ಪುಣ್ಯವಂತ ಎಂದು ಬಂದವರೆಲ್ಲ ನನಗೆ ಸಮಾಧಾನ ಹೇಳಿದರು. ಒಂದು ಗಳಿಗೆಯಲ್ಲ ಎಂದು ನಾನು ಹೇಳಲಿಲ್ಲ.

ಆಮೇಲೆ ನಿಮ್ಮ ಮನೆಗೆ ಬಂದೆ. ನೀವು ಶಾಲೆಗೆ, ನಿಮ್ಮ ಅಪ್ಪ ಅವ್ವ ಕೆಲಸಕ್ಕೆ ಹೋದ ಮೇಲೆ ನಾಲ್ಕನೇ ಮಹಡಿಯಲ್ಲಿ ನಾನೊಬ್ಬಳೇ. ಪಕ್ಕದವರ ಕುಕ್ಕರಿನ ಸೀಟಿ ಎಣಿಸುತ್ತ ಕೂತಿರುತ್ತೇನೆ. ಎಷ್ಟೋ ಸಲ ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಿಕೊಂಡಿದ್ದೇನೆ, ಎರಡು ತಾಸಾಗಿತ್ತು, ಎರಡು ತಾಸಾಗಿತ್ತು ಎಂದು. ಕೇಳುವವರು ಇರಲಿಲ್ಲ. ಇದ್ದಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಹೋದ ದೀಪಾವಳಿ ನಿಮಗೆ ನೆನಪಿರಬೇಕು. ಮತ್ತೆ ಅಂಥದೇ ಹೊಗೆ. ನಿಮ್ಮ ಅಪ್ಪ ಬಾಲ್ಕನಿಯಿಂದ ಎದೆ ತಿಕ್ಕಿಕೊಳ್ಳುತ್ತ ಒಳಗೆ ಬಂದ.

"ಅವ್ವಾ, ಎದಿ ಬಿಗದೇದ. ಅಪ್ಪಗ ಹಾಕ್ತಿದ್ಯಲ್ಲ, ಆ ಅಜವಾನ ಹೊಗಿ ಹಾಕ ಒಂದೀಟು."

"ಹಾಕೂದಿಲ್ಲ! ಏಳ, ದವಾಖಾನಿಗಿ ನಡಿ. ಈಗಿಂದೀಗ ನಡಿ!"

ನನ್ನ ದನಿ ಕೇಳಿ ನೀವಿಬ್ಬರೂ ಖೋಲಿಯಿಂದ ಓಡಿ ಬಂದಿರಿ. "ಅಜವಾನ ತೀರ್ಯಾದ ಅಂದಿದ್ರ ಸಾಕಿತ್ತಲ್ಲವ್ವಾ, ಹಿಂಗ ಬಡಕೋತಿ?" ಎಂದು ಅವನು ಚೇಷ್ಟೆ ಮಾಡಿದ. ನಾನು ಮನೆಯಲ್ಲುಟ್ಟ ಸೀರೆಯಲ್ಲೇ ಅವನ ಜೊತೆ ಹೊರಟೆ.

ಅಲ್ಲಿಯ ಡಾಕ್ಟರೂ ಅದನ್ನೇ ಕೇಳಿದರು, ಯಾವಾಗಿನಿಂದ ಎಂದು. ಅವನು ಬಾಯಿ ತೆರೆಯುವ ಮೊದಲೇ ನಾನು "ಅರ್ಧಾ ತಾಸ್ ಝಾಲಾ" ಎಂದೆ. ಅರ್ಧ ತಾಸಾಯಿತು ಎಂದು. ಇಸಿಜಿ ತೆಗೆದರು, ರಕ್ತ ನೋಡಿದರು, ಎರಡು ದಿನ ಇಟ್ಟುಕೊಂಡರು. ಹೃದಯದ ಒಂದು ನಾಳ ಕಿರಿದಾಗಿದೆ, ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು. ನಾಳ ಕಿರಿದಾದವರಿಗೆ ಒಂದೆರಡು ದಿನದ ಕೆಟ್ಟ ಗಾಳಿಯೇ ಅಪಾಯ ತರಬಹುದು. ಅಂಥ ದಿನ ಹೊರಗೆ ತಿರುಗಬಾರದು, ಎದೆ ಬಿಗಿದರೆ ಮನೆಮದ್ದು ಮಾಡುತ್ತ ಕೂರಬಾರದು ಎಂದರು. ನಾನು ಮೆಲ್ಲಗೆ ಅಜವಾನದ ಹೊಗೆ ಎಂದೆ. "ಯಾವ ಹೊಗೆಯೂ ಬೇಡ, ಆಜಿ" ಎಂದರು. ಅಂದು ಎರಡು ತಾಸು ಮೊದಲೇ ಹೋಗಿದ್ದರೆ ನಿಮ್ಮ ಮುತ್ಯಾ ಉಳಿಯುತ್ತಿದ್ದರೇ ಎಂದು ಕೇಳಬೇಕೆನ್ನಿಸಿತು. ಔಷಧದ ಚೀಟಿ ತೆಗೆದುಕೊಂಡು ಹೊರಗೆ ಬಂದೆ.

ಮನೆಗೆ ಬರುವಾಗ ರಿಕ್ಷಾದಲ್ಲಿ ನಿಮ್ಮ ಅಪ್ಪ, "ಅವತ್ತ ಅಷ್ಟ್ಯಾಕ ಒದರಿದಿ ಅವ್ವಾ?" ಎಂದ. ನಾನು ರಸ್ತೆಯ ಕಡೆ ಮುಖ ಮಾಡಿ ಕೂತೆ.

ಅವನಿಗೆ ಕೊಡಬೇಕಾದ ಉತ್ತರ ಇದು. ನಾನು ಅಂಗಡಿಗೋ ಗುಡಿಗೋ ಹೋದಾಗ ಅವನಿಗೆ ಓದಿ ಹೇಳಿ. ನನ್ನ ಎದುರಿಗೆ ಬೇಡ. ಆಮೇಲೆ ಈ ಹಾಳೆಗಳನ್ನು ದವಾಖಾನೆಯ ಕಾಗದಗಳ ಚೀಲದಲ್ಲಿ, ಅವನ ಇಸಿಜಿಯ ಜೊತೆಗೇ ಇಡಿ. ಮನೆ ಬದಲಾಯಿಸಿದರೂ ಕಳೆಯಬೇಡಿ. ನಿಮ್ಮ ಮುತ್ಯಾನಿಗೆ ನೋವು ಯಾವಾಗ ಶುರುವಾಯಿತು ಎನ್ನುವುದು ಬೇರೆ ಎಲ್ಲಿಯೂ ಬರೆದಿಲ್ಲ.