ನಿಜಗುಣಪ್ಪನ ಟೈಟ್ ಹೊಲಿಗೆ

ಬೈಲಹೊಂಗಲದ ಬಜಾರಿನಲ್ಲಿ ಹೆಂಗಸರ ರವಿಕೆ-ಜಂಪರು ಹೊಲಿಯುವ ನಿಜಗುಣಪ್ಪನಿಗೆ ಬರುವ ಇಂಗ್ಲಿಷ್ ಶಬ್ದಗಳು ಎರಡೇ. ಹೊಗಳುವುದಕ್ಕೆ ಟೈಟ್, ಬೈಯುವುದಕ್ಕೆ ಲೂಸ್. ಚಹಾ ಚೆನ್ನಾಗಿದ್ದರೆ ಟೈಟ್. ಮಠದ ಪ್ರವಚನ ಮನಸ್ಸಿಗೆ ನಾಟಿದರೆ ಅದೂ ಟೈಟ್. ಎದುರಿನ ಅಂಗಡಿಯ ಟೇಲರ್ ಪರಪ್ಪ ಮಾತ್ರ ಕೈ, ಕತ್ತರಿ, ನಾಲಿಗೆ ಎಲ್ಲದರಲ್ಲೂ ಲೂಸ್.

ಜಂಪರಿನ ವಿಷಯಕ್ಕಂತೂ ಅವನು ಯಾರ ಮಾತನ್ನೂ ಕೇಳುವವನಲ್ಲ. ಮೈಗೆ ಅಂಟಿ ಕೂರದ್ದು ಜಂಪರೇ ಅಲ್ಲ ಎಂದು ಅವನ ಹಟ.

"ಉಸಿರು ಕಟ್ಟತೈತಲ್ರಿ ಕಾಕಾ," ಎಂದು ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಿತ್ತು: "ಎರಡ ದಿನ ತೊಡ್ರಿ, ಮೈಗೆ ಹೊಂದತೈತಿ."

ಎರಡು ದಿನ ಬಿಟ್ಟು ಯಾರೂ ತಕರಾರು ತರುತ್ತಿರಲಿಲ್ಲ. ಮತ್ತೊಂದು ಜಂಪರಿನ ಖಣ ಹಿಡಿದುಕೊಂಡು ನಗುನಗುತ್ತ ಬರುತ್ತಿದ್ದರು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಮೈ ಜಂಪರಿಗೆ ಹೊಂದಬೇಕೇ ಹೊರತು ಜಂಪರು ಮೈಗಲ್ಲ ಎಂದು ಪುಣ್ಯಾತ್ಮ ನಂಬಿಬಿಟ್ಟಿದ್ದ. ಅವನು ಯಂತ್ರದಲ್ಲಿ ಹೊಲಿದದ್ದನ್ನು ಮನೆಗೆ ಒಯ್ದು ಹುಕ್ಕು ಹಚ್ಚುವುದು, ಅಂಚು ಮಡಚಿ ಗಿರಾಕಿಗೆ ಕೊಡುವುದು ಹೆಂಡತಿ ರಾಚವ್ವನ ಕೆಲಸ.

ಹೀಗಿರುವಾಗ ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಕೊಟ್ಟ ಒಬ್ಬಳೇ ಮಗಳು ಮಧುವಿಗೆ ಏಳು ತಿಂಗಳು ತುಂಬಿತು. ತವರಿನವರು ಹಸಿರು ಸೀರೆ, ಕುಬಸವೆನ್ನುವ ಹಸಿರು ಜಂಪರು ಒಯ್ದು, ಬಸುರಿಗೆ ತೊಡಿಸಿ ಉಡಿ ತುಂಬಬೇಕು. ಟೇಲರನ ಮಗಳ ಕುಬಸವೆಂದರೆ ಸಾಮಾನ್ಯವೇ!

"ಫೋನ್ ಮಾಡಿ ಅಳತಿ ಕೇಳ್ರಿ," ಎಂದಳು ರಾಚವ್ವ.

"ನನ್ನ ಮಗಳ ಅಳತಿ ನಾ ಯಾರನ್ನ ಕೇಳ್ಬೇಕು?" ಎಂದು ಅವನು ಮದುವೆಯ ಹೊತ್ತಿನ ಅಳತೆಯಲ್ಲೇ ಖಣ ಕತ್ತರಿಸಿದ. ಬಸುರಿಯಲ್ಲವೇ ಎಂದು ಧಾರಾಳ ಮನಸ್ಸು ಮಾಡಿ ಅರ್ಧ ಇಂಚು ಹೆಚ್ಚಿಟ್ಟ.

ಕುಬಸದ ಶಾಸ್ತ್ರದ ದಿನ ಕಟಕೋಳದಲ್ಲಿ ಹೆಂಗಸರೆಲ್ಲ ಒಳಗೆ, ಗಂಡಸರು ಕಟ್ಟೆಯ ಮೇಲೆ. ಬೀಗರಾದ ಸದಾಶಿವಪ್ಪನ ಮುಂದೆ ನಿಜಗುಣಪ್ಪನ ಟೈಟ್ ಪುರಾಣ ರಂಗೇರಿತ್ತು. ಅಷ್ಟರಲ್ಲಿ ಬೆನ್ನ ಹಿಂದಿನ ಕಿಟಕಿಯಲ್ಲಿ ರಾಚವ್ವನ ಪಿಸುಮಾತು.

"ಏನ್ರಿ, ಹುಕ್ಕ ಕೂಡವಲ್ದು."

"ಉಸಿರ ಬಿಗಿ ಹಿಡಿ ಅನ್ನ ಅಕಿಗೆ."

"ಇಬ್ಬರೂ ಹಿಡೀಬೇಕೇನ್ರಿ? ಹೊಟ್ಟ್ಯಾಗಿಂದೂ?"

ನಿಜಗುಣಪ್ಪ ಪುರಾಣ ನಿಲ್ಲಿಸಿ ಕಿಟಕಿಗೆ ಸರಿದ. ಒಳಗೆ ಬೀಗತಿಯ ಕಡೆಯ ಹತ್ತಿಪ್ಪತ್ತು ಹೆಂಗಸರು ಆರತಿ ಹಿಡಿದು ಕಾಯುತ್ತಿದ್ದಾರೆ. ಅಪ್ಪ ಟೇಲರ್, ಆದರೆ ಮಗಳ ಮೈಗೆ ತವರಿನ ಕುಬಸ ಏರಲಿಲ್ಲ ಎಂಬ ಮಾತು ಮಧುವನ್ನು ಬಾಣಂತನದಲ್ಲೂ ಬಿಡುವುದಿಲ್ಲ, ಮೊಮ್ಮಗನ ಮದುವೆಯಲ್ಲೂ ಬಿಡುವುದಿಲ್ಲ. ಅವನಿಗೆ ಜೀವ ಹಿಡಿಯಾಯಿತು.

"ಈಗೇನ ಮಾಡೂದ? ಇಲ್ಲಿ ಹೊಲಿಗಿ ಯಂತ್ರಾನೂ ಇಲ್ಲ," ಎಂದ.

ಕಿಟಕಿಯ ಸರಳುಗಳ ನಡುವಿಂದ ಹಸಿರು ಕುಬಸ ಹೊರಬಂತು, ಹಿಂದೆಯೇ ಒಂದು ಸಣ್ಣ ಕತ್ತರಿ.

"ಒಳಮೈ ತಿರುವಿ ನೋಡ್ರಿ. ನಿಮ್ಮ ಹೊಲಿಗಿ ಬಿಚ್ಚರಿ. ಅದರಾಚೆ ನಂದು ಐತಿ."

ತಿರುವಿದ. ಅವನ ಹೊಲಿಗೆಯಿಂದ ಎರಡು ಬೆರಳು ಆಚೆ, ಬಟ್ಟೆಯ ಅಂಚಿನ ಕಡೆಗೆ, ಉದ್ದಕ್ಕೂ ಇನ್ನೊಂದು ಹೊಲಿಗೆ ಇತ್ತು. ಕೈಹೊಲಿಗೆ, ಸಣ್ಣದು, ಒಂದೇ ಸಮ.

"ಇದನ್ನ ಯಾವಾಗ ಹಾಕಿದಿ?"

"ಹುಕ್ಕ ಹಚ್ಚೂ ಮುಂದ."

"ಇದಕ್ಕಷ್ಟ ಹಾಕೀಯೋ, ಇಲ್ಲಾ..."

"ಎಲ್ಲಾದಕ್ಕೂ ಹಾಕತೇನ್ರಿ. ಮನಿಗೆ ಹೋಗಿ ನಮ್ಮವರ ಹೊಲಿಗಿ ಬಿಚ್ಕೊಳ್ರವಾ, ಅವರಿಗೆ ಹೇಳಬ್ಯಾಡ್ರಿ ಅಂತೇನಿ."

ಇಪ್ಪತ್ತೆಂಟು ವರ್ಷ ಜಂಪರು ಹೊಲಿಸಿದ ಬೈಲಹೊಂಗಲದ ಹೆಂಗಸರೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ನಿಂತು ನಕ್ಕಂತಾಯಿತು. ಅವರೆಲ್ಲ ತೊಟ್ಟದ್ದು ರಾಚವ್ವನ ಹೊಲಿಗೆ, ಹೊಗಳಿದ್ದು ಅವನನ್ನು. ಸಿಟ್ಟು ಬಂತು. ಆದರೆ ಒಳಗಿನಿಂದ ಮಧು ಬಿಕ್ಕುವುದು ಕೇಳಿಸಿದ ಮೇಲೆ ಆ ಸಿಟ್ಟು ಎಲ್ಲಿ ನಿಲ್ಲಬೇಕು? ತನ್ನ ಹಟಕ್ಕೆ ತಾನೇ ನಾಚಿಕೊಂಡ. ಕುಬಸವನ್ನು ತೊಡೆಯ ಮೇಲೆ ಹರಡಿ, ಜನ್ಮದಲ್ಲಿ ಮೊದಲ ಸಲ ತನ್ನ ಹೊಲಿಗೆಗೆ ತಾನೇ ಕತ್ತರಿ ಹಾಕಿದ.

ಕಟ್ಟೆಯ ಮೇಲಿದ್ದವರೆಲ್ಲ ಕತ್ತು ಚಾಚಿದರು.

"ಏನ ಮಾಡಾಕ ಹತ್ತೀರಿ ಬೀಗರ?" ಎಂದ ಸದಾಶಿವಪ್ಪ.

ನಿಜಗುಣಪ್ಪ ತಲೆ ಎತ್ತಲಿಲ್ಲ. ದಾರದ ತುಂಡೊಂದನ್ನು ಎಳೆದು ಗಾಳಿಗೆ ಬಿಟ್ಟು, ಕಿಟಕಿಯ ಒಳಗಿದ್ದವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಲೂಸ್ ಮಾಡಾಕ ಹತ್ತೇನ್ರಿ."