ನ್ಯಾಯಾಧೀಶರ ಮೇಜಿನ ಮೇಲಿನ ನೀರು

2001ರ ಜೂನ್‌ನಲ್ಲಿ ಹುಮನಾಬಾದಿನ ಶಾಲೆಯವರು ನನ್ನ ಮಗಳು ನೀಲಾಳ ಕೈಗೆ ಟಿ.ಸಿ. ಕೊಟ್ಟು ಮನೆಗೆ ಕಳಿಸಿದರು. ನಾವು ಕೇಳಿರಲಿಲ್ಲ. ಶರಣ ಬಂಧುಗಳೆ, ಅವಳಿಗಾಗ ಒಂಬತ್ತು ವರ್ಷ. ಹುಟ್ಟಿನಿಂದಲೂ ಬುದ್ಧಿಯ ಬೆಳವಣಿಗೆ ನಿಧಾನ. ಮಾತು ಕಡಿಮೆ, ನಗು ಜಾಸ್ತಿ. ಮರುದಿನವೂ ಪಾಟಿಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ನಾನು ಮೊದಲೇ ಬಾಯಿ ಜೋರಿನವಳು. ನೇರವಾಗಿ ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ.

“ಇಕಿ ಒಂದ್ ಕಡಿ ಕುಂದ್ರಂಗಿಲ್ರಿ ಅಕ್ಕಾವ್ರ. ಒಂದಾದ ಮ್ಯಾಲ ಒಂದು ಅನ್ನೂದು ತಲಿಗೇ ಹೋಗಂಗಿಲ್ಲ. ಇಂಥವರಿಗಿ ಬ್ಯಾರೆ ಸಾಲಿ ಅದಾವ, ದೂರ ಹಾಸ್ಟೆಲಿಗಿ ಹಾಕ್ರಿ,” ಎಂದರು.

ತಲೆ ಬಾಚಲೂ ನನ್ನ ಕೈ ಬೇಕಾದ ಕೂಸನ್ನು ಹಾಸ್ಟೆಲಿಗೆ ಹೇಗೆ ಬಿಡಲಿ? ನಮ್ಮ ಓಣಿಯ ವಕೀಲರು ಕರೀಂ ಸಾಹೇಬರು ಕೇಸು ಹಾಕಿದರು. “ಇಂಥ ಮಕ್ಕಳಿಗೂ ಓದೋ ಹಕ್ ಐತಂತ ಕಾಯ್ದೆ ಬಂದದ. ಫಿಕರ್ ಮಾಡಬ್ಯಾಡ್ರಿ ಅಕ್ಕಾ,” ಎಂದರು. ತಾರೀಖಿನ ಮೇಲೆ ತಾರೀಖು ಬಿದ್ದು ಒಂದೂವರೆ ವರ್ಷ ಕಳೆಯಿತು. ಕೊನೆಗೆ ಮಗುವನ್ನೇ ಕರೆತನ್ನಿ ಎಂದು ಕೋರ್ಟು ಹೇಳಿದಾಗ ನನ್ನ ಧೈರ್ಯ ಉಡುಗಿತು. ಅಲ್ಲಿ ಅವಳು ಹೆದರಿ ಓಡಾಡಿದರೆ ಹೆಡ್‌ಮಾಸ್ತರರ ಮಾತೇ ನಿಜವಾಗುತ್ತಿತ್ತು.

ಆ ತಾರೀಖಿನ ಹಿಂದಿನ ದಿನ ಅವಳನ್ನು ಕರೆದುಕೊಂಡು ತವರೂರು ಬಸವಕಲ್ಯಾಣಕ್ಕೆ ಹೋದೆ. ಬಸವಣ್ಣನ ಗುಡಿಯಲ್ಲಿ ಕೂತು ಮನಸಾರೆ ಅತ್ತೆ. “ಅಪ್ಪಾ, ನಾಳಿಗಿ ನನ್ನ ಕೂಸಿನ ಕೈ ಬಿಡಬ್ಯಾಡ,” ಎಂದಷ್ಟೇ ಬೇಡಿದೆ.

ಬೆಳಿಗ್ಗೆ ಮೊದಲ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನೀಲಾಳ ಲಿಂಗಪೂಜೆ ಮಾಡಿಸದೆ ಹೊರಟುಬಿಟ್ಟೆ. ಪೂಜೆಯಾಗದೆ ಅವಳು ಹನಿ ನೀರೂ ಮುಟ್ಟುವುದಿಲ್ಲ. ಕೋರ್ಟು ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡೆ.

ನ್ಯಾಯಾಧೀಶರು ನಮ್ಮನ್ನೂ ಹೆಡ್‌ಮಾಸ್ತರರನ್ನೂ ತಮ್ಮ ಕೋಣೆಗೇ ಕರೆಸಿದರು. ಒಳಗೆ ಕಾಲಿಟ್ಟ ನೀಲಾ ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಎತ್ತಿಕೊಂಡೇಬಿಟ್ಟಳು.

“ಏ ನೀಲಾ, ಸಾಹೇಬರ ನೀರದು, ಇಡು!”

“ಇರಲಿ ಬಿಡಿ ತಾಯಿ,” ಎಂದರು ನ್ಯಾಯಾಧೀಶರು.

ನೀಲಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕೊರಳಿನ ವಸ್ತ್ರ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಹನಿಹನಿಯಾಗಿ ನೀರೆರೆದಳು, ಒರೆಸಿದಳು, ಕಣ್ಣು ಮಿಟುಕಿಸದೆ ನೋಡುತ್ತ ಕೂತಳು. ಆಮೇಲೆ ಕಣ್ಣಿಗೊತ್ತಿಕೊಂಡು, ಮತ್ತೆ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಒಂದು ಹೆಜ್ಜೆಯೂ ತಪ್ಪಲಿಲ್ಲ.

“ಇದನ್ನು ಯಾರು ಕಲಿಸಿದರು?” ಎಂದು ನ್ಯಾಯಾಧೀಶರು ಕೇಳಿದರು.

“ಯಾರೂ ಕೂಡಿಸಿ ಕಲಿಸಿಲ್ರಿ ಸಾಹೇಬ್ರ. ಇಕಿ ಆಯಿ, ನಮ್ಮತ್ತಿಯವರು, ದಿನಾ ಮಾಡೂದು ನೋಡಿ ನೋಡಿ ಕಲ್ತಾಳ್ರಿ,” ಎಂದೆ.

ಅವರು ಹೆಡ್‌ಮಾಸ್ತರರ ಕಡೆ ತಿರುಗಿ, “ನೀವು ಹೇಗೆ ಕಲಿಸುತ್ತಿದ್ದಿರಿ?” ಎಂದರು. ಹೆಡ್‌ಮಾಸ್ತರರು ತಲೆ ತಗ್ಗಿಸಿದರು. “ಬರೇ ಬೋರ್ಡ್ ಮ್ಯಾಲ ಬರ್ದು ಹೇಳ್ತಿದ್ದೆ ಸರ್. ಒಂದಿನಾನೂ ಬಾಜೂಕ ಕುಂತು ಮಾಡಿ ತೋರ್ಸಿದ್ದಿಲ್ಲ.”

ಆ ಪ್ರಾಮಾಣಿಕ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನೀಲಾಳನ್ನು ಅದೇ ಶಾಲೆಗೆ ಸೇರಿಸಿಕೊಳ್ಳಬೇಕು, ಇಂಥ ಮಕ್ಕಳಿಗೆ ಕಲಿಸಬಲ್ಲ ಶಿಕ್ಷಕಿ ವಾರಕ್ಕೆರಡು ಸಲ ಬರಬೇಕು ಎಂದು ಆದೇಶವಾಯಿತು. ನಾನು ಬಿಟ್ಟುಬಂದ ಪೂಜೆಯನ್ನು ಅಪ್ಪ ಬಸವಣ್ಣ ಅಲ್ಲೇ ಮಾಡಿಸಿಕೊಂಡಿದ್ದ. ಇದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಇವತ್ತಿಗೂ ತಾಯಿ ಮಗಳು ಅಕ್ಕಪಕ್ಕ ಕೂತು ಪೂಜೆ ಮಾಡುತ್ತೇವೆ. ನನ್ನ ಮನಸ್ಸು ಒಲೆಯ ಮೇಲಿನ ಬ್ಯಾಳಿಯ ಕಡೆ ಓಡುತ್ತದೆ. ಅವಳ ಕಣ್ಣು ಕದಲುವುದಿಲ್ಲ. ಹತ್ತು ವರ್ಷ ಅವಳಿಗೆ ಬುದ್ಧಿ ಕೊಡು ಎಂದು ಬೇಡಿದವಳು ನಾನು. ಈಗ ನನಗೆ ಕೊಡು ತಂದೆ ಎಂದು ಬೇಡುತ್ತೇನೆ.