ಬಸ್ಸಿನ ಹಿಂದೆ ಓಡಿದ ಪಿಟೀಲು

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಕೂರಿಸಿದಾಗ ಮಿರಿಮಿರಿ ಅಂಗಿ ತೊಟ್ಟವನೊಬ್ಬ ಸಿನಿಮಾ ಹಾಡು ಹೇಳುವುದು. ಹಾಡೇ ಇಲ್ಲದೆ ಬರೀ ವಾದ್ಯಗಳಲ್ಲಿ ಇಡೀ ಕಥೆ ಹೇಳುತ್ತೇನೆಂದು ನನ್ನ ಅಪ್ಪ ಹೊರಟಾಗ ಚನ್ನಗಿರಿಯ ಜನ ಮೊದಲು ನಕ್ಕರಂತೆ. ಕೊನೆಗೆ ಕಾರ್ಯಕ್ರಮದ ದಿನ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೂ ಅವ್ವನಿಗೂ ಅಪ್ಪ ಮುಂದಿನ ಸಾಲಿನಲ್ಲೇ ಕುರ್ಚಿ ಇಡಿಸಿದ್ದ. ಫೋನ್ ಮಾಡಿ ಕರೆದದ್ದೂ ಅವನೇ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಅವರಿಬ್ಬರೂ ಬೇರೆ. ಈಗ ನಾನು ಹೊನ್ನಾಳಿಯಲ್ಲಿ ಹೈಸ್ಕೂಲು ಟೀಚರ್, ಅವ್ವ ನನ್ನ ಜೊತೆಗಿದ್ದಾಳೆ. ನಾನು ಬರುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದೆ.

"ಬಾರವ್ವ, ಹೋಗಿ ಬರಾಣ. ಇಷ್ಟು ವರ್ಷ ಏನು ಕಲ್ತಾನೆ ಅಂತ ನೋಡಾಣ," ಅಂದಳು ಅವ್ವ. ಅವಳ ಮಾತು ಮೀರಲಾಗಲಿಲ್ಲ.

ಮೈಕು ಹಿಡಿದವನು ಪ್ರತಿ ಭಾಗಕ್ಕೂ ಮೊದಲು ಕಥೆ ಬಿಡಿಸಿ ಹೇಳುತ್ತಿದ್ದ. ಅಪ್ಪನೇ ನುಡಿಸುವ ಪಿಟೀಲು ಗಂಡ, ಕೊಳಲು ಹೆಂಡತಿ, ಡೋಲು ತಬಲಾಗಳೆಲ್ಲ ಊರ ಜನ. "ಕಲೆಗಾಗಿ ಬಾಳು ತೇಯ್ದ ಒಬ್ಬ ಮನುಷ್ಯನ ನಿಜ ಜೀವನದ ಕಥೆ, ಕಿವಿಗೊಟ್ಟು ಕೇಳಿ" ಅಂದ. ನಿಜ ಜೀವನ ಅಂದ ಕೂಡಲೇ ನನ್ನ ಮೈ ಉರಿಯಿತು. ಆದರೂ ಕಿವಿಗೊಟ್ಟೆ. ಒಂದು ಸ್ವರವನ್ನೂ ಬಿಡದೆ ಕೇಳಬೇಕೆಂಬ ಹಟವೇ ಬಂದಿತ್ತು.

ಅಪ್ಪನದು ಪಳಗಿದ ಕೈ, ಅದನ್ನು ಒಪ್ಪಬೇಕಾಗಿ ಬಂದದ್ದೇ ನನಗೆ ಇನ್ನಷ್ಟು ಸಿಟ್ಟು. ಶಹನಾಯಿಯಲ್ಲಿ ಮದುವೆಯಾಯಿತು. ಕೊಳಲು ಮನೆಯೊಳಗೆ ಓಡಾಡಿತು, ಅಂಗಳ ಗುಡಿಸಿತು, ನೀರು ತಂದಿತು, ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಗುನುಗಿತು. ಅದು ಅವ್ವನೇ. ಅವಳ ನಡಿಗೆಯ ಅವಸರವನ್ನೂ ಹಿಡಿದಿದ್ದ. ಪಕ್ಕದ ಕೋಣೆಯಲ್ಲಿ ಪಿಟೀಲು ಸಾಧನೆಗೆ ಕೂತಿತ್ತು. ಇನ್ನೇನು ನಾನು ಹುಟ್ಟಬೇಕು ಎಂದು ಕಾದೆ. ನನಗೆ ಯಾವ ವಾದ್ಯ ಇಟ್ಟಿರಬಹುದು? ವೇದಿಕೆಯ ಬಲಕ್ಕೆ ಒಬ್ಬಳು ಜಲತರಂಗದ ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿಕೊಂಡು ಸುಮ್ಮನೆ ಕೂತಿದ್ದಳು. ಅದೇ ಇರಬೇಕು ಅನ್ನಿಸಿತು. ಅವಳು ಕಡ್ಡಿ ಎತ್ತಿದಾಗ ಕುರ್ಚಿಯ ತುದಿಗೆ ಸರಿದೆ.

"ಮಳೆಗಾಲ ಬಂತು," ಅಂದ ಮೈಕಿನವನು. ಬಟ್ಟಲುಗಳು ನಾನಲ್ಲ, ಮಳೆ.

ಆಮೇಲೆ ಒಮ್ಮೆಗೇ ಕಥೆ ತಿರುಗಿತು. "ಮುನಿಸಿಕೊಂಡ ಹೆಂಡತಿ ಗಂಡನನ್ನು ಬಿಟ್ಟು ತವರಿಗೆ ಹೊರಡುತ್ತಾಳೆ." ತಬಲಾ, ಡೋಲು ಸೇರಿ ಬಸ್ಸು ಹೊರಡಿಸಿದವು. ಪಿಟೀಲು ಬೇಡಿಕೊಳ್ಳುತ್ತಾ, ಮುಗ್ಗರಿಸುತ್ತಾ ಬಸ್ಸಿನ ಹಿಂದೆ ಓಡಿತು. ಕೊಳಲು ತಿರುಗಿಯೂ ನೋಡಲಿಲ್ಲ. ನಮ್ಮ ಹಿಂದಿನ ಸಾಲಿನ ಹೆಂಗಸು ಮೂಗೊರೆಸಿಕೊಳ್ಳುತ್ತಾ, "ಅಯ್ಯೋ ಪಾಪ, ಇಂಥ ಗಂಡನ್ನ ಬಿಟ್ಟೋಗಾಕೆ ಹೆಂಗೆ ಮನಸು ಬಂತೋ ಆಕಿಗೆ," ಅಂದಳು. ಅವ್ವನಿಗೂ ಕೇಳಿಸಿತು. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ವೇದಿಕೆಯನ್ನೇ ನೋಡುತ್ತಿದ್ದಳು.

ಹಸಿ ಸುಳ್ಳು! ಆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದವಳು ನಾನು. ನಾನು ಬಾಯಿ ಮುಚ್ಚದ ಹುಡುಗಿ, ಹಾಡಿಕೊಂಡು ಕುಣಿದುಕೊಂಡು ಮನೆಯೆಲ್ಲ ಸುತ್ತುತ್ತಿದ್ದೆ. "ಇದರ ಗಲಾಟೆಯಾಗೆ ಸಾಧನೆ ಮಾಡಾಕೆ ಆಗ್ತಿಲ್ಲ. ಬ್ಯಾಸಗಿ ರಜ ಮುಗಿಯೋ ತನಕ ತವರಿಗೆ ಹೋಗಿ ಜಗಳೂರಿನಾಗೆ ಇರ್ರಿ, ಕರೆಸ್ಕೊಂತೀನಿ," ಎಂದು ಅಪ್ಪನೇ ನಮ್ಮ ಟ್ರಂಕು ಬಸ್ಸಿಗೆ ಹತ್ತಿಸಿದ್ದ. ಬಸ್ಸು ಹೊರಡುವ ಮೊದಲೇ ಅಂಗಡಿಯ ಕಡೆ ಮುಖ ಮಾಡಿ ಟೀ ಕುಡಿಯುತ್ತಾ ನಿಂತ. ನಾನು ಕೂಗಿದೆ. ತಿರುಗಲಿಲ್ಲ.

ರಜೆ ಮುಗಿಯಿತು, ಕರೆ ಬರಲಿಲ್ಲ. ಅವ್ವ ನನ್ನ ಸೋದರಮಾವನ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿದು ನನ್ನನ್ನು ಓದಿಸಿದಳು. ಗಂಡನನ್ನು ಬಿಟ್ಟು ಬಂದವಳೆಂದು ಜಗಳೂರಿನ ಓಣಿಯವರೆಲ್ಲ ಆಡಿಕೊಂಡರು. ನಾನೋ, ಅಲ್ಲಿ ಪಿಸುದನಿಯಲ್ಲಿ ಮಾತಾಡುವುದು ಕಲಿತೆ. ಗಲಾಟೆ ಬಿಟ್ಟರೆ ಅಪ್ಪ ಕರೆಸಿಕೊಳ್ಳುತ್ತಾನೆಂದು ನಂಬಿದ್ದೆ. ಈಗಲೂ ನನ್ನ ಪಾಠ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲವೆಂದು ಹೆಡ್‌ಮೇಷ್ಟ್ರು ಗೊಣಗುತ್ತಾರೆ.

ಪಿಟೀಲು ಒಂಟಿಯಾಗಿ ಅತ್ತು ಮುಗಿಸಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಕೆಲವರು ಕಾಲಿಗೂ ಬಿದ್ದರು. ಅವನು ಕೆಳಗಿಳಿದು ನಮ್ಮ ಹತ್ತಿರ ಬಂದಾಗ ಅವನ ಸುತ್ತ ಇನ್ನೂ ಜನವಿತ್ತು.

"ಹೆಂಗಿತ್ತು?" ಎಂದು ಅವ್ವನನ್ನು ಕೇಳಿದ. ಕೇಳಲು ನಾಚಿಕೆಯೂ ಆಗಲಿಲ್ಲ.

"ಚಲೋ ಇತ್ತು ಕಣ್ರಿ. ಆದ್ರೆ ಇವಳೆಲ್ಲಿ?"

ಅಪ್ಪನಿಗೆ ಅರ್ಥವಾಗಲಿಲ್ಲ.

"ನಮ್ಮ ಮಗಳು. ಇವಳಿಗೆ ಯಾವ ವಾದ್ಯ ಇಟ್ಟಿದ್ರಿ? ಕೊನಿ ತನಕ ಕಾದೆ, ಬರಲೇ ಇಲ್ಲ."

ತನ್ನ ಮೇಲೆ ಹೊರಿಸಿದ ಸುಳ್ಳಿನ ಬಗ್ಗೆ ಅವ್ವ ತುಟಿ ಎರಡು ಮಾಡಲಿಲ್ಲ. ಅವಳೂ ನನ್ನ ಹಾಗೆಯೇ ನನ್ನನ್ನೇ ಕಾಯುತ್ತಾ ಕೂತಿದ್ದಳು.

ಅಪ್ಪ ನನ್ನ ಕಡೆ ನೋಡಿ ನಕ್ಕ. ಶಿಷ್ಯರಿಗೆ ಪಾಠ ಹೇಳುವವನ ಸಮಾಧಾನದಲ್ಲಿ ಹೇಳಿದ: "ಹಾಕಾಕೆ ನೋಡ್ದೆ. ಆದ್ರೆ ಮಗು ಬಂದ್ರೆ ಕಥೆ ಕೆಡ್ತೈತೆ. ಗಂಡನ ಮ್ಯಾಲೆ ಜನಕ್ಕೆ ಕನಿಕರಾನೇ ಹುಟ್ಟಲ್ಲ."

ಮರೆತಿದ್ದರೆ ಕ್ಷಮಿಸುತ್ತಿದ್ದೆನೇನೋ. ಅವನು ಮರೆತಿರಲಿಲ್ಲ. ಕೂತು ಯೋಚನೆ ಮಾಡಿ, ಬೇಡವೆಂದು ತೆಗೆದುಹಾಕಿದ್ದ.

"ಆ ಬಸ್ಸಿನಾಗೆ ನಾನಿದ್ದೆ," ಅಂದೆ. "ನೀನು ಹಿಂದೆ ಓಡಿ ಬರ್ಲಿಲ್ಲ. ಬೆನ್ನು ತಿರುಗಿಸ್ಕೊಂಡು ಟೀ ಕುಡೀತಿದ್ದಿ."

ಹಾರ ಹಿಡಿದು ನಿಂತಿದ್ದವರು ನಮ್ಮತ್ತ ತಿರುಗಿದರು. ಅಪ್ಪನ ನಗು ಹಾರಿಹೋಯಿತು.

"ಮೆತ್ತಗೆ ಮಾತಾಡು. ಜನ ಅದಾರೆ," ಅಂದ.

ನಾನು ಅದನ್ನೇ ಇನ್ನೊಮ್ಮೆ, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ.